ದಿನಕ್ಕೆ 10 ರೂಪಾಯಿ: ಸೆಲ್ಕೋ ಮೂಲಕ ಸಾಮಾಜಿಕ ಉದ್ಯಮವನ್ನು ಅರಿಯುವುದು

ಸಾಮಾಜಿಕ ಉದ್ಯಮಶೀಲತೆಯ ಪಾಠ ಸಾಮಾನ್ಯವಾಗಿ ವ್ಯಾಖ್ಯೆಯಿಂದ ಶುರುವಾಗುತ್ತದೆ. ಸಮಾಜದ ಒಂದು ಕೊರತೆಯನ್ನು ನೀಗಿಸುವ ಉದ್ದೇಶದಿಂದ ಹುಟ್ಟಿ, ವ್ಯಾಪಾರದ ಶಿಸ್ತಿನಲ್ಲಿ ನಡೆದು, ತನ್ನ ಖರ್ಚನ್ನು ತಾನೇ ದುಡಿದುಕೊಳ್ಳುವ ಸಂಸ್ಥೆ ಸಾಮಾಜಿಕ ಉದ್ಯಮ. ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆಗೆ ಇಷ್ಟು ಸಾಕು. ಆದರೆ ಸಂಜೆ ತಳ್ಳುಗಾಡಿಯಲ್ಲಿ ತರಕಾರಿ ಮಾರುವವರಿಗೆ ಒಂದು ಒಳ್ಳೆಯ ದೀಪ ಒದಗಿಸುವುದು ಹೇಗೆ ಎಂದು ಯಾರಾದರೂ ಕೇಳಿದರೆ ಈ ವ್ಯಾಖ್ಯೆ ನೆರವಿಗೆ ಬರುವುದಿಲ್ಲ. ಆದ್ದರಿಂದ ಇಲ್ಲಿ ಮುಖ್ಯವಾಗಿ ಒಂದೇ ಸಂಸ್ಥೆಯನ್ನು ಹಿಡಿದು ನೋಡುತ್ತೇನೆ. ಜನರ ಕೈ ಸೇರುವ ವಸ್ತುವಿನಷ್ಟೇ, ಅದಕ್ಕೆ ಅವರು ಹಣ ಕಟ್ಟುವ ಕ್ರಮವೂ ವಿನ್ಯಾಸದ ವಿಷಯ ಎಂಬುದು ಈ ಟಿಪ್ಪಣಿಯ ತಿರುಳು.

ಸೆಲ್ಕೋ 1995ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸೌರದೀಪದ ಕಂಪನಿ. ಸ್ಥಾಪಕರು ಹರೀಶ್ ಹಂದೆ ಮತ್ತು ಅಮೆರಿಕದ ನೆವಿಲ್ ವಿಲಿಯಮ್ಸ್. ಹಂದೆಯವರು ಖರಗಪುರದ ಐಐಟಿಯಲ್ಲಿ ಓದಿ, ಮ್ಯಾಸಚೂಸೆಟ್ಸ್‌ನಲ್ಲಿ ಸಂಶೋಧನೆಗೆ ತೊಡಗಿದ್ದಾಗ ಡೊಮಿನಿಕನ್ ಗಣರಾಜ್ಯಕ್ಕೆ ಹೋಗಿದ್ದರು. ಅಲ್ಲಿನ ಬಡ ಹಳ್ಳಿಗರು ಹಣ ಕೊಟ್ಟು ಸೌರದೀಪ ಹಾಕಿಸಿಕೊಂಡಿದ್ದನ್ನು ನೋಡಿದ ಮೇಲೆ ಅವರ ಸಂಶೋಧನೆಯ ದಿಕ್ಕೇ ಬದಲಾಯಿತು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬಡವರಿಗೆ ತಂತ್ರಜ್ಞಾನ ಕೊಳ್ಳುವ ಶಕ್ತಿಯಿಲ್ಲ, ಕೊಂಡರೂ ಅದನ್ನು ನೋಡಿಕೊಳ್ಳಲು ಬರುವುದಿಲ್ಲ, ಸಮಾಜಕ್ಕಾಗಿ ನಡೆಸುವ ಸಂಸ್ಥೆ ವ್ಯಾಪಾರವಾಗಿ ಉಳಿಯುವುದಿಲ್ಲ ಎಂಬ ಮೂರು ನಂಬಿಕೆಗಳನ್ನು ಸುಳ್ಳು ಮಾಡಲು ಹೊರಟವರು ತಾವೆಂದು ಸೆಲ್ಕೋದವರು ಮೊದಲಿನಿಂದ ಹೇಳುತ್ತ ಬಂದಿದ್ದಾರೆ.

ಕಂತಿನ ಲೆಕ್ಕ

ಹಂದೆಯವರು ತಮ್ಮ ಭಾಷಣಗಳಲ್ಲಿ ಬೀದಿಬದಿಯ ವ್ಯಾಪಾರಿಯೊಬ್ಬರ ಮಾತನ್ನು ಮತ್ತೆ ಮತ್ತೆ ನೆನೆಯುತ್ತಾರೆ. ತಿಂಗಳಿಗೆ 300 ರೂಪಾಯಿ ಕಟ್ಟಿ ಎಂದರೆ ದುಬಾರಿ, ದಿನಕ್ಕೆ 10 ರೂಪಾಯಿ ಆದರೆ ಕಟ್ಟಬಹುದು ಎಂಬುದು ಆ ಮಾತು. ಗಣಿತದಲ್ಲಿ ಎರಡೂ ಒಂದೇ. ಬದುಕಿನಲ್ಲಿ ಒಂದೇ ಅಲ್ಲ. ಬೆಳಿಗ್ಗೆ ಸಗಟು ಮಾರುಕಟ್ಟೆಯಲ್ಲಿ ಸರಕು ಎತ್ತಿ, ರಾತ್ರಿಯೊಳಗೆ ಮಾರಿ, ಸಾಲದ ಬಡ್ಡಿ ಕೊಟ್ಟು, ಉಳಿದದ್ದರಲ್ಲಿ ಮನೆಗೆ ಅಕ್ಕಿ ಒಯ್ಯುವವರ ಕೈಯಲ್ಲಿ ತಿಂಗಳ ಕೊನೆಗೆ 300 ರೂಪಾಯಿ ಒಟ್ಟಿಗೆ ನಿಲ್ಲುವುದಿಲ್ಲ. ಅವರ ಆದಾಯಕ್ಕೆ ತಿಂಗಳೆಂಬ ಅಳತೆಯೇ ಇಲ್ಲ. ಸೀಮೆಎಣ್ಣೆಯನ್ನು ಅವರು ದಿನದಿನಕ್ಕೆ ಕೊಳ್ಳುತ್ತಿದ್ದುದೂ ಇದೇ ಕಾರಣಕ್ಕೆ. ಆದ್ದರಿಂದ ಸೌರದೀಪ ಪೈಪೋಟಿ ಮಾಡಬೇಕಾದದ್ದು ಸೀಮೆಎಣ್ಣೆಯ ಬೆಲೆಯ ಜೊತೆಗೆ ಮಾತ್ರವಲ್ಲ, ಅದನ್ನು ಕೊಳ್ಳುವ ರೂಢಿಯ ಜೊತೆಗೂ.

ಇದನ್ನು ಒಪ್ಪಿದ ಮೇಲೆ ದಾರಿಗಳು ಕಾಣುತ್ತವೆ. ಸೆಲ್ಕೋ ಜೊತೆಗೂಡಿದ ಸ್ಥಳೀಯ ಉದ್ಯಮಿಗಳು ಒಂದೆಡೆ ಸೌರಫಲಕ ಹಾಕಿ ಬ್ಯಾಟರಿಗಳನ್ನು ಚಾರ್ಜ್ ಮಾಡಿ, ಸಂಜೆ ವ್ಯಾಪಾರಿಗಳಿಗೆ ದೀಪವನ್ನು ದಿನದ ಬಾಡಿಗೆಗೆ ಕೊಟ್ಟರು. ವ್ಯಾಪಾರಿ ಏನನ್ನೂ ಕೊಳ್ಳಬೇಕಾಗಿಲ್ಲ. ಆ ಸಂಜೆಯ ಬೆಳಕಿಗೆ ಆ ಸಂಜೆಯೇ ಹಣ ಕೊಟ್ಟರೆ ಮುಗಿಯಿತು. ಮನೆಗೆ ದೀಪ ಕೊಳ್ಳುವವರಿಗೆ ಕಂತನ್ನು ದುಡಿಮೆಗೆ ಹೊಂದಿಸಲಾಯಿತು. ಭತ್ತ, ಅಡಿಕೆ ಬೆಳೆಯುವವರ ಕೈಗೆ ಹಣ ಬರುವುದು ಕೊಯ್ಲಿನ ನಂತರ. ಹಾಲು ಹಾಕುವ ಮನೆಗೆ ಡೇರಿಯ ಬಟವಾಡೆಯಾದಾಗ. ರೇಷ್ಮೆ ಬೆಳೆಗಾರರಿಗೆ ಗೂಡು ಮಾರಿದ ದಿನ. ಇವರೆಲ್ಲರಿಗೂ ಪ್ರತಿ ತಿಂಗಳ ಐದನೇ ತಾರೀಖು ಎಂಬ ಒಂದೇ ನಿಯಮ ಹೇರಿದರೆ ಸಾಲ ಸುಸ್ತಿಯಾಗುವುದು ಖಂಡಿತ. ಆಗ ತಪ್ಪೆಲ್ಲ ಬಡವರ ಮೇಲೆ ಬೀಳುತ್ತದೆ, ಕಂತನ್ನು ಗೊತ್ತುಮಾಡಿದವರ ಮೇಲಲ್ಲ. ಇದು ನನಗೆ ದೊಡ್ಡ ಅನ್ಯಾಯವಾಗಿ ಕಾಣುತ್ತದೆ.

ನಮ್ಮ ಕರಾವಳಿಗೆ ಈ ವಿಚಾರ ಹೊಸದೇನಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿಯೇ ಪಿಗ್ಮಿ ಠೇವಣಿಯನ್ನು ಆರಂಭಿಸಿತ್ತು. ಏಜೆಂಟರು ಮನೆ, ಅಂಗಡಿಗಳ ಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದು ಬರೆದುಕೊಳ್ಳುತ್ತಿದ್ದರು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುವವರ ಬಳಿಗೆ ಬ್ಯಾಂಕೇ ನಡೆದು ಹೋದ ಪದ್ಧತಿ ಅದು. ಸಾರ್ವಜನಿಕ ಹಿತದ ವಿನ್ಯಾಸಕ್ಕೆ ಉದಾಹರಣೆ ಕೊಡಿ ಎಂದಾಗ ನಾವು ವಿದೇಶದ ಪ್ರಯೋಗಾಲಯಗಳ ಹೆಸರು ಹೇಳುತ್ತೇವೆ. ಪಿಗ್ಮಿಯನ್ನು ಮೊದಲ ಸಾಲಿನಲ್ಲಿಯೇ ಬರೆಯಬೇಕು ಎಂದು ನಾನು ಹೇಳುತ್ತೇನೆ. ಸೌರದೀಪಕ್ಕೆ ಮೊದಮೊದಲು ಸಾಲ ಕೊಟ್ಟ ಬ್ಯಾಂಕುಗಳಲ್ಲಿ ಸಿಂಡಿಕೇಟ್ ಬ್ಯಾಂಕೂ ಇತ್ತು, ಧಾರವಾಡದ ಮಲಪ್ರಭಾ ಗ್ರಾಮೀಣ ಬ್ಯಾಂಕೂ ಇತ್ತು.

ಬ್ಯಾಂಕಿನವರನ್ನು ಒಪ್ಪಿಸುವುದು ಸುಲಭವಿರಲಿಲ್ಲ. ಹಸು, ಪಂಪ್‌ಸೆಟ್‌ಗಳಿಗೆ ಸಾಲ ಕೊಡುವುದು ವಾಡಿಕೆ, ಏಕೆಂದರೆ ಅವು ಆದಾಯ ತರುತ್ತವೆ. ದೀಪ ಏನು ತರುತ್ತದೆ? ರಾತ್ರಿ ಇನ್ನೆರಡು ಗಂಟೆ ಬೀಡಿ ಕಟ್ಟಬಹುದು, ಹೊಲಿಯಬಹುದು, ಬುಟ್ಟಿ ಹೆಣೆಯಬಹುದು ಎಂಬುದನ್ನು ಲೆಕ್ಕ ಹಾಕಿ ತೋರಿಸಬೇಕು. ಇನ್ನೊಂದು ಭಯ, ದೀಪ ಕೆಟ್ಟುಹೋದರೆ ಕಂತೂ ನಿಂತುಹೋದೀತು ಎಂಬುದು. ಈ ಎರಡನೆಯ ಭಯಕ್ಕೆ ಸೆಲ್ಕೋ ಕೊಟ್ಟ ಉತ್ತರವನ್ನು ಅಡಿಗೆರೆ ಹಾಕಿ ಓದಿ: ಗ್ರಾಹಕರಿಗೆ ಹತ್ತಿರದ ಊರುಗಳಲ್ಲಿ ಶಾಖೆಗಳು, ಅಲ್ಲಿ ಸ್ಥಳೀಯ ತಂತ್ರಜ್ಞರು. ಸೌರಫಲಕ 20 ವರ್ಷಕ್ಕೂ ಹೆಚ್ಚು ಬಾಳುತ್ತದೆ. ಲೆಡ್ ಆಸಿಡ್ ಬ್ಯಾಟರಿ ಹಾಗಲ್ಲ. ಅದಕ್ಕೆ ಆಗಾಗ ಡಿಸ್ಟಿಲ್ಡ್ ವಾಟರ್ ತುಂಬಬೇಕು, ಕೆಲವು ವರ್ಷಗಳಿಗೆ ಬದಲಾಯಿಸಬೇಕು. ಬೈಕಿನಲ್ಲಿ ಬಂದು ಬ್ಯಾಟರಿ ನೋಡಿ ಹೋಗುವ ಹುಡುಗನೇ ಆ ಸಾಲಕ್ಕೆ ನಿಜವಾದ ಜಾಮೀನುದಾರ. ದುರಸ್ತಿಯನ್ನು ಖರ್ಚಿನ ಪಟ್ಟಿಯಲ್ಲಿ ಬರೆದು ಮುಂದೆ ಹೋಗುವ ಯೋಜನೆಗಳು ಇಲ್ಲಿಯೇ ಸೋಲುತ್ತವೆ.

ದೀಪ ಎಲ್ಲಿ ತೂಗಬೇಕು

ವಸ್ತುವಿನ ವಿನ್ಯಾಸವೂ ಹೀಗೆಯೇ ಬಳಸುವವರ ಕೈ ನೋಡಿ ರೂಪುಗೊಂಡಿತು. ಗುಲಾಬಿ ಬಿಡಿಸುವವರು ಬೆಳಗಾಗುವ ಮೊದಲೇ ತೋಟಕ್ಕೆ ಇಳಿಯುತ್ತಾರೆ. ಮುಳ್ಳಿನ ನಡುವೆ ಎರಡೂ ಕೈ ಬೇಕು, ಲಾಟೀನು ಹಿಡಿಯಲು ಮೂರನೇ ಕೈ ಇಲ್ಲ. ಹೆರಿಗೆ ಮಾಡಿಸುವ ಸೂಲಗಿತ್ತಿಯರ ಕಷ್ಟವೂ ಅದೇ. ಇಬ್ಬರಿಗೂ ಹಣೆಗೆ ಕಟ್ಟಿಕೊಳ್ಳುವ ದೀಪ ಹೊಂದಿತು. ಶಾಲಾ ಮಕ್ಕಳಿಗಾಗಿ ಮಾಡಿದ ಯೋಜನೆ ಇನ್ನೂ ಜಾಣತನದ್ದು: ಫಲಕ ಶಾಲೆಯ ಛಾವಣಿಯ ಮೇಲೆ, ದೀಪ ಮನೆಯಲ್ಲಿ, ಬ್ಯಾಟರಿ ಮಗುವಿನ ಚೀಲದಲ್ಲಿ. ಶಾಲೆಗೆ ಬಂದರೆ ಮಾತ್ರ ಬ್ಯಾಟರಿ ತುಂಬುತ್ತದೆ. ಮಗು ಶಾಲೆ ತಪ್ಪಿಸಿದರೆ ಆ ರಾತ್ರಿ ಇಡೀ ಮನೆಗೆ ಬೆಳಕಿನ ಕೊರತೆ, ಹಾಗಾಗಿ ಹಾಜರಾತಿಯ ಕಾಳಜಿ ತಾನಾಗಿ ಮನೆಯವರದಾಗುತ್ತದೆ.

ಇದಕ್ಕೆ ಎದುರಾಗಿ ಪ್ಲೇಪಂಪ್ ಉದಾಹರಣೆಯನ್ನು ಇಟ್ಟು ನೋಡಿ. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಈ ಯೋಜನೆಯಲ್ಲಿ ಮಕ್ಕಳು ತಿರುಗಣೆಯ ಮೇಲೆ ಕುಳಿತು ಸುತ್ತಿದರೆ ಕೊಳವೆಬಾವಿಯ ನೀರು ಎತ್ತರದ ಟ್ಯಾಂಕಿಗೆ ಏರುತ್ತಿತ್ತು. ಚಿತ್ರ ನೋಡಿದ ಯಾರಿಗೂ ಮನಸ್ಸು ಕರಗಬೇಕು. 2006ರಲ್ಲಿ ಅಮೆರಿಕದಲ್ಲಿ ಇದಕ್ಕೆ 1.64 ಕೋಟಿ ಡಾಲರ್ ನೆರವು ಘೋಷಣೆಯಾಯಿತು. ಆದರೆ ಮಕ್ಕಳು ದಣಿಯುತ್ತಾರೆ, ಶಾಲೆಗೆ ಹೋಗುತ್ತಾರೆ. ಆಗ ಅದನ್ನು ತಿರುಗಿಸುವ ಕೆಲಸ ಮತ್ತೆ ಹೆಂಗಸರ ಪಾಲಿಗೆ ಬಂತು, ಅದೂ ಮೊದಲಿದ್ದ ಕೈಪಂಪನ್ನು ಕಿತ್ತುಹಾಕಿದ ಜಾಗದಲ್ಲಿ. ಹೇಳಿದಷ್ಟು ಜನರಿಗೆ ನೀರು ಕೊಡಬೇಕಾದರೆ ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕಾಗುತ್ತದೆ ಎಂದು ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ಲೆಕ್ಕ ಹಾಕಿತು. ಕೆಟ್ಟರೆ ಹಳ್ಳಿಯವರಿಗೆ ರಿಪೇರಿ ಮಾಡಲು ಬರುತ್ತಿರಲಿಲ್ಲ. ಹಣ ಕೊಟ್ಟವರಿಗೆ ಮೆಚ್ಚುಗೆಯಾಗುವಂತೆ ರೂಪಿಸಿದ ಯಂತ್ರ ಅದು. ನೀರು ಸೇದುವವರನ್ನು ಕೇಳಿ ರೂಪಿಸಿದ್ದಲ್ಲ. ನಮ್ಮ ಹಳ್ಳಿಗಳಲ್ಲಿ ದಶಕಗಳಿಂದ ನಿಂತಿರುವ ಇಂಡಿಯಾ ಮಾರ್ಕ್ 2 ಕೈಪಂಪಿಗೆ ಅಂಥ ಆಕರ್ಷಣೆಯೇನೂ ಇಲ್ಲ, ಆದರೆ ಇಡೀ ಊರು ಹಗಲಿಡೀ ಜಗ್ಗಿದರೂ ತಡೆಯುವಂತೆ ಅದನ್ನು ಕಟ್ಟಲಾಗಿದೆ.

ಸೆಲ್ಕೋಗೂ ಪೆಟ್ಟು ಬಿತ್ತು, ಅದು ಬಂದದ್ದು ದೂರದಿಂದ. ಜರ್ಮನಿ ಸೌರವಿದ್ಯುತ್ತಿಗೆ ಕಾನೂನಿನ ಮೂಲಕ ಆಕರ್ಷಕ ದರ ಖಾತರಿ ಮಾಡಿದ ಮೇಲೆ ಅಲ್ಲಿ ಫಲಕಗಳ ಬೇಡಿಕೆ ಏರಿ, 2005ರ ಹೊತ್ತಿಗೆ ಜಗತ್ತಿನಾದ್ಯಂತ ಬೆಲೆ ಹೆಚ್ಚಿತು. ಯುರೋಪಿನ ಪರಿಸರ ಕಾಳಜಿಯ ಬೆಲೆಯನ್ನು ಕರ್ನಾಟಕದ ಹಳ್ಳಿಯ ಗ್ರಾಹಕ ತೆರಬೇಕಾದ ಸ್ಥಿತಿ ಬಂದು ಕಂಪನಿ ನಷ್ಟಕ್ಕೆ ಇಳಿಯಿತು. ಆಮೇಲೆ ತಾಳ್ಮೆಯಿರುವ ಹೂಡಿಕೆದಾರರ ಬೆಂಬಲದಿಂದ ಚೇತರಿಸಿಕೊಂಡಿತು. ಬೇಗ ದುಪ್ಪಟ್ಟು ಲಾಭ ಬೇಕೆನ್ನುವ ಬಂಡವಾಳ ಇಂಥ ಉದ್ಯಮಕ್ಕೆ ಏಕೆ ಒಗ್ಗುವುದಿಲ್ಲ ಎಂಬ ಪ್ರಶ್ನೆಗೆ ಈ ಘಟನೆಯನ್ನೇ ಉತ್ತರವಾಗಿ ಬರೆಯಬಹುದು. ಪ್ರಯೋಗಗಳ ಖರ್ಚನ್ನು ಮಾರಾಟದಿಂದಲೇ ಭರಿಸುವುದು ಕಷ್ಟ. ಅದಕ್ಕಾಗಿ 2010ರಲ್ಲಿ ಸೆಲ್ಕೋ ಫೌಂಡೇಶನ್ ಪ್ರತ್ಯೇಕವಾಗಿ ಹುಟ್ಟಿತು.

ಈಗ ಗ್ರಿಡ್ ವಿದ್ಯುತ್ ಬಹುತೇಕ ಹಳ್ಳಿ ಮುಟ್ಟಿದೆ. ಕೆಲಸ ದೀಪದಿಂದ ದುಡಿಮೆಯ ಯಂತ್ರಗಳ ಕಡೆಗೆ ಹೊರಳಿದೆ: ಸೌರಶಕ್ತಿಯ ಹೊಲಿಗೆ ಯಂತ್ರ, ಕುಲುಮೆಯ ತಿದಿ, ರೊಟ್ಟಿ ಮಾಡುವ ಯಂತ್ರ. ಅಭ್ಯಾಸಕ್ಕೆ ಇದರಲ್ಲಿ ಒಂದನ್ನು ಎತ್ತಿಕೊಳ್ಳಿ. ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿ ಮಾರಿ ಬದುಕುವ ಒಬ್ಬ ಮಹಿಳೆಗೆ ಯಂತ್ರಕ್ಕೆ ಸಾಲ ಬೇಕು ಎಂದುಕೊಳ್ಳೋಣ. ಖಾನಾವಳಿಯವರು ಅವರಿಗೆ ಹಣ ಕೊಡುವುದು ವಾರಕ್ಕೊಮ್ಮೆಯೋ ದಿನಕ್ಕೊಮ್ಮೆಯೋ, ಮದುವೆ ಮತ್ತು ಜಾತ್ರೆಯ ದಿನಗಳಲ್ಲಿ ಬೇಡಿಕೆ ಎಷ್ಟು ಏರುತ್ತದೆ, ಸುಗ್ಗಿಯ ನಂತರ ಜೋಳ ಅಗ್ಗವಾದಾಗ ಚೀಲಗಟ್ಟಲೆ ಕೊಂಡಿಡಲು ಕೈಯಲ್ಲಿ ಎಷ್ಟು ಉಳಿಯಬೇಕು, ಮೋಡ ಕವಿದ ವಾರದಲ್ಲಿ ಕಂತಿಗೆ ಏನು ವ್ಯವಸ್ಥೆ ಎಂಬುದನ್ನೆಲ್ಲ ಅವರನ್ನೇ ಕೇಳಿ ಹನ್ನೆರಡು ತಿಂಗಳ ಹಾಳೆಯೊಂದರಲ್ಲಿ ಬರೆಯಿರಿ. ಯಂತ್ರದ ನಕ್ಷೆಯನ್ನು ಆ ಹಾಳೆ ತುಂಬಿದ ಮೇಲೆ ಶುರುಮಾಡಿ.