ರೇಷ್ಮೆಹುಳು ಎಲೆಕೋಸು ಯಾಕೆ ತಿನ್ನೋದಿಲ್ಲ?

ನಾಲ್ಕನೇ ಜ್ವರ (ಪೊರೆ ಬಿಡುವಾಗಿನ ನಿದ್ದೆ) ಎದ್ದ ರೇಷ್ಮೆಹುಳುಗಳಿಗೆ ಸೊಪ್ಪು ಹಾಕಿ ಸುಮ್ನೆ ನಿಂತು ನೋಡಿ. ಹುಳುಮನೆ ತುಂಬ ಸಣ್ಣ ಮಳೆಯ ಸದ್ದು. ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲಿಗೂ ಜಾಸ್ತಿ ಪಾಲನ್ನು ಹುಳು ಈ ಕೊನೆಯ ಹಂತದಲ್ಲೇ ಮುಗಿಸುತ್ತದೆ. ಅಂಥ ಹಸಿದ ಹುಳುವಿನ ಮುಂದೆ ಎಲೆಕೋಸು ಇಟ್ಟರೆ ತಲೆ ಆಚೆ ತಿರುಗಿಸುತ್ತದೆ.

ಹಿಪ್ಪುನೇರಳೆ ಅಂದರೆ ಅದಕ್ಕೆ ಅಷ್ಟು ಇಷ್ಟ ಅಂತ ನಾವು ಹೇಳಿಬಿಡುತ್ತೇವೆ. ಅದು ಅರ್ಧ ಮಾತು. ಸಕ್ಕರೆ ಎಲ್ಲ ಎಲೆಗಳಲ್ಲೂ ಇರುತ್ತದಲ್ವಾ?

ಹುಳುವಿನ ಬಾಯಿಯ ಕೆಳಗೆ, ಎರಡೂ ಬದಿಗೆ, ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವ ಎರಡೆರಡು ಮೊಳೆಗಳಿವೆ. ಒಂದೊಂದರಲ್ಲೂ ರುಚಿ ತಿಳಿಯುವ ನಾಲ್ಕು ನರಕೋಶಗಳು. ಒಂದು ಮೊಳೆ ಸಕ್ಕರೆಯಂಥ ಸಿಹಿಯನ್ನು ಗುರುತಿಸುತ್ತದೆ. ಇನ್ನೊಂದರಲ್ಲಿ ಕಹಿಗೆ ಸಿಡಿಯುವ ಕೋಶವಿದೆ. ಅದು ಜೋರಾಗಿ ಕೂಗಿದರೆ ಸಿಹಿಯ ಮಾತು ನಡೆಯುವುದಿಲ್ಲ, ಹುಳು ಬಾಯಿ ಮುಚ್ಚಿಕೊಳ್ಳುತ್ತದೆ. ಈ ಮೊಳೆಗಳಿರುವ ಅಂಗವನ್ನೇ ಕತ್ತರಿಸಿ ತೆಗೆದ ಹುಳುಗಳು ಬೇರೆ ಗಿಡಗಳ ಸೊಪ್ಪನ್ನೂ ತಿಂದದ್ದು ಹಳೆಯ ಪ್ರಯೋಗಗಳಲ್ಲೇ ಗೊತ್ತಾಗಿತ್ತು.

2019ರಲ್ಲಿ ಚೀನಾದ ವಿಜ್ಞಾನಿಗಳು ಕತ್ತರಿ ಬಿಟ್ಟು ಜೀನ್‌ಗೇ ಕೈ ಹಾಕಿದರು. ಕಹಿ ಗುರುತಿಸುವ ಜಿಆರ್66 ಎಂಬ ಒಂದೇ ಒಂದು ಜೀನ್ ಕೆಡಿಸಿದರು. ಹುಳುಗಳು ಹಣ್ಣು, ಕಾಳುಗಳಿಗೂ ಬಾಯಿ ಹಾಕಿದವು! ಸಾವಿರಾರು ವರ್ಷಗಳ ಪಥ್ಯ ಒಂದು ಜೀನ್‌ನ ಮೇಲೆ ನಿಂತಿತ್ತು ಅನ್ನೋದು ನನಗಂತೂ ಇನ್ನೂ ಅಚ್ಚರಿಯೇ.

ಎಲ್ಲ ಹುಳುಗಳೂ ಹುಟ್ಟಿನಿಂದಲೇ ಹೀಗೆ ಹಟ ಹಿಡಿಯುವುದಿಲ್ಲ. ಅಮೆರಿಕದ ತಂಬಾಕು ಹುಳು ಮೊಟ್ಟೆಯೊಡೆದು ಬಂದಾಗ ಅಷ್ಟೇನೂ ಆರಿಸುವುದಿಲ್ಲ. ಆಲೂಗಡ್ಡೆ, ಟೊಮೆಟೊ ಜಾತಿಯ ಎಲೆ ರುಚಿ ನೋಡಿತೋ, ಆಮೇಲೆ ಬೇರೆಯದು ಬೇಡ. ಆ ಗಿಡಗಳಲ್ಲಿರುವ ಇಂಡಿಯೋಸೈಡ್ ಡಿ ಎಂಬ ವಸ್ತುವೇ ಈ ಚಟಕ್ಕೆ ಕಾರಣ ಎಂದು 2001ರಲ್ಲಿ ತಿಳಿಯಿತು. ಆ ಎಲೆ ತಿಂದು ಬೆಳೆದ ಹುಳುವಿನ ರುಚಿಕೋಶಗಳು ಇಂಡಿಯೋಸೈಡ್‌ಗೆ ಮೊದಲಿನಷ್ಟೇ ಚುರುಕಾಗಿ ಮಿಡಿಯುತ್ತವೆ, ಉಳಿದವಕ್ಕೆ ಮಂಕಾಗುತ್ತವೆ. ಅಂದರೆ ಊಟವೇ ನಾಲಿಗೆಯನ್ನು ತಿದ್ದಿದೆ.

ಇಷ್ಟೆಲ್ಲ ಹೇಳಿದ ಮೇಲೆ ಹಿಪ್ಪುನೇರಳೆ ಸಾಧು ಸೊಪ್ಪು ಅಂದುಕೊಳ್ಳಬೇಡಿ. ಎಲೆ ಮುರಿದಾಗ ಒಸರುವ ಬಿಳಿ ಹಾಲಿನಲ್ಲಿ ಸಕ್ಕರೆಯ ವೇಷದ ವಿಷವಿದೆ. ಹರಳು ಗಿಡದ ಸೊಪ್ಪು ತಿಂದು ಬೆಳೆಯುವ ಎರಿ ರೇಷ್ಮೆಹುಳುವಿಗೆ ಆ ಎಲೆ ಕೊಟ್ಟರೆ ಅದು ಬದುಕುವುದಿಲ್ಲ. ನಮ್ಮ ರೇಷ್ಮೆಹುಳು ಮಾತ್ರ ಅದೇ ಹಾಲು ಕುಡಿದು ಗೂಡು ಕಟ್ಟುತ್ತದೆ.