ಆಟೋಬಯಾಗ್ರಫಿ: ಬರಹ ಹಳೆಯದು, ಹೆಸರು ಹೊಸದು

ತನ್ನ ಬದುಕಿನ ಕಥೆಯನ್ನು ತಾನೇ ಬರೆದರೆ ಅದು ಆಟೋಬಯಾಗ್ರಫಿ. ಕನ್ನಡದಲ್ಲಿ ಆತ್ಮಕಥೆ, ಆತ್ಮಚರಿತ್ರೆ ಅಂತೀವಿ. ಇಲ್ಲಿ ‘ಆತ್ಮ’ ಅಂದರೆ ದೇಹ ಬಿಟ್ಟು ಹೋಗುವ ಆತ್ಮ ಅಲ್ಲ, ‘ತಾನು’ ಅಂತ ಅಷ್ಟೇ. ಆತ್ಮವಿಶ್ವಾಸದಲ್ಲಿ ಇರುವುದೂ ಇದೇ.

ಇಂಗ್ಲಿಷ್ ಪದದೊಳಗೆ ಮೂರು ಗ್ರೀಕ್ ಪದಗಳಿವೆ. ‘ಆಟೋಸ್’ ಅಂದರೆ ತಾನು, ‘ಬಯೋಸ್’ ಅಂದರೆ ಬದುಕು, ‘ಗ್ರಾಫೈನ್’ ಅಂದರೆ ಬರೆಯುವುದು. ಆಟೋಗ್ರಾಫ್ ಗೊತ್ತಲ್ವಾ? ಅದರ ನಡುವೆ ‘ಬದುಕು’ ಸೇರಿಸಿ ನೋಡಿ, ಪದ ಮರೆಯುವುದೇ ಇಲ್ಲ.

ಮೂಲ ಗ್ರೀಕ್ ಆದರೂ ಇದು ಪ್ರಾಚೀನ ಗ್ರೀಕರು ಬಳಸಿದ ಪದವಲ್ಲ. ನನಗೆ ತುಂಬ ಹಿಡಿಸಿದ ಸಂಗತಿ ಇದೇ. ಪದ ಹುಟ್ಟಿದ್ದು 18ನೇ ಶತಮಾನದ ಕೊನೆಯ ಹೊತ್ತಿಗೆ. 1797ರಲ್ಲಿ ವಿಲಿಯಂ ಟೇಲರ್ ಎಂಬ ಇಂಗ್ಲಿಷ್ ವಿಮರ್ಶಕ ಒಂದು ಪುಸ್ತಕದಲ್ಲಿದ್ದ ‘ಸೆಲ್ಫ್-ಬಯಾಗ್ರಫಿ’ ಎಂಬ ಪದದ ಬಗ್ಗೆ ಬರೆದ. ಅರ್ಧ ಇಂಗ್ಲಿಷ್, ಅರ್ಧ ಗ್ರೀಕ್ ಸೇರಿಸಿದ್ದು ಅವನಿಗೆ ಸರಿಬರಲಿಲ್ಲ. ‘ಆಟೋಬಯಾಗ್ರಫಿ’ ಅನ್ನಬಹುದಿತ್ತು, ಆದರೆ ಅದು ಪಾಂಡಿತ್ಯದ ಪ್ರದರ್ಶನದಂತೆ ಕಾಣುತ್ತಿತ್ತು ಎಂದ. 1809ರಲ್ಲಿ ಕವಿ ರಾಬರ್ಟ್ ಸೌದಿ ಅದೇ ಪದವನ್ನು ಇಂದಿನ ಅರ್ಥದಲ್ಲಿ ಬಳಸಿದರು. ಆಮೇಲೆ ಅದೇ ನಿಂತಿತು.

ಹಾಗಾದರೆ ಅದಕ್ಕೂ ಮೊದಲು ಯಾರೂ ತಮ್ಮ ಕಥೆ ಬರೆದಿರಲಿಲ್ವಾ? ಬರೆದಿದ್ದರು. ಸಂತ ಆಗಸ್ಟೀನ್ ಕ್ರಿ.ಶ. 400ರ ಆಸುಪಾಸಿನಲ್ಲೇ ಲ್ಯಾಟಿನ್‌ನಲ್ಲಿ ತನ್ನ ಒಳಗಿನ ತೊಳಲಾಟ ಬರೆದು, ಅದನ್ನು ‘ನಿವೇದನೆಗಳು’ ಎಂಬರ್ಥದ ಹೆಸರಿನಿಂದ ಕರೆದ. ಅಮೆರಿಕದ ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್ 1771ರಲ್ಲಿ ಬರೆಯಲು ಶುರು ಮಾಡಿದ್ದನ್ನು ನಾವು ಆಟೋಬಯಾಗ್ರಫಿ ಅಂತೀವಿ. ಅವರು ಮಾತ್ರ ‘ಮೆಮಾಯಿರ್ಸ್’ ಎನ್ನುತ್ತಿದ್ದರು.

ಮೆಮಾಯಿರ್ ಅಂದರೆ ನೆನಪಿನ ಬರಹ. ಬದುಕಿನ ಒಂದು ಕಾಲಘಟ್ಟ ಅಥವಾ ಒಂದು ಒಡನಾಟ ಬರೆದರೂ ಸಾಕು. ಆತ್ಮಕಥೆಯಲ್ಲಿ ಸಾಮಾನ್ಯವಾಗಿ ಇಡೀ ಬದುಕಿನ ಹಾದಿ ಬರುತ್ತದೆ. ದಿನಚರಿ ಬೇರೆ: ಅದನ್ನು ಬರೆಯುವಾಗ ನಾಳೆ ಏನಾಗುತ್ತದೋ ಬರೆಯುವವರಿಗೇ ತಿಳಿದಿರುವುದಿಲ್ಲ.

ಇನ್ನೊಂದು ಮುಖ್ಯ ಅಂಶ. ಫ್ರಾನ್ಸಿನ ವಿದ್ವಾಂಸ ಫಿಲಿಪ್ ಲೆಜೂನ್ 1975ರಲ್ಲಿ ಒಂದು ಗುರುತು ಹೇಳಿಕೊಟ್ಟರು. ಬರೆದವರು, ಕಥೆ ಹೇಳುವವರು, ಕಥೆಯ ಮುಖ್ಯ ವ್ಯಕ್ತಿ, ಈ ಮೂವರೂ ಒಬ್ಬರೇ ಆಗಿರಬೇಕು. ಲೇಖಕರು ತಮ್ಮದೇ ಬದುಕನ್ನು ಬೇರೊಂದು ಹೆಸರಿನ ಪಾತ್ರಕ್ಕೆ ಕೊಟ್ಟು ಬರೆದರೆ, ಘಟನೆಗಳೆಲ್ಲ ನಿಜವಾಗಿದ್ದರೂ ಅದು ಆತ್ಮಕಥನಾತ್ಮಕ ಕಾದಂಬರಿ, ಆತ್ಮಕಥೆ ಅಲ್ಲ.