ಹೆದ್ದಾರಿ ಅಗಲವಾಯಿತು, ದಾಟುವವರ ಗತಿಯೇನು?

ಕರ್ನಾಟಕ–ಕೇರಳ ಗಡಿಯ ತಲಪಾಡಿ ದಾಟಿ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಉಪ್ಪಳ, ಕುಂಬಳೆಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 66 ಆರು ಪಥವಾಗುತ್ತಿದ್ದಂತೆ ಮೊದಲು ಏರಿದ್ದು ವಾಹನಗಳ ವೇಗ. ದೇಶ ಬೆಳೆಯುವಾಗ ಎಲ್ಲೆಡೆ ಹೀಗೇ ಆಗುತ್ತದೆ. ಜಪಾನಿನ ರಸ್ತೆಗಳಲ್ಲಿ 1970ರಲ್ಲಿ 16,765 ಮಂದಿ ಸತ್ತರು. ಅದೇ ವರ್ಷ ಅಲ್ಲಿ ಸಂಚಾರ ಸುರಕ್ಷತೆಯ ಮೂಲ ಕಾಯಿದೆ ಬಂತು. ಫುಟ್‌ಪಾತ್, ಸಿಗ್ನಲ್, ಮೇಲ್ಸೇತುವೆಗಳಿಗೆ ಹಣ ಹರಿಯಿತು. ವಾಹನಗಳು ಹೆಚ್ಚುತ್ತಲೇ ಹೋದರೂ ಹತ್ತು ವರ್ಷದೊಳಗೆ ಸಾವು ಸುಮಾರು ಅರ್ಧಕ್ಕಿಳಿಯಿತು. ಶ್ರೀಮಂತಿಕೆ ಬಂದ ಮೇಲೆ ಸುರಕ್ಷತೆ ತಾನಾಗಿ ಬರುತ್ತದೆಂದು ನಾವು ಕಾಯಬೇಕಾಗಿಲ್ಲ. 2022ರಲ್ಲಿ ಭಾರತದಲ್ಲಿ ಸತ್ತವರು 1,68,491.

ಚಾಲಕರಿಗೆ ಬುದ್ಧಿ ಹೇಳಿದರೆ ಸಾಕೆಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಆದರೆ ಲೆಕ್ಕ ನೋಡಿ. ಬ್ರೇಕ್ ಒತ್ತಲು ಒಂದು ಸೆಕೆಂಡ್ ಹಿಡಿದರೂ, ಗಂಟೆಗೆ 30 ಕಿ.ಮೀ. ವೇಗದ ಕಾರು ಒಣ ರಸ್ತೆಯಲ್ಲಿ ನಿಲ್ಲಲು ಸುಮಾರು 13 ಮೀಟರ್ ಸಾಕು. 80 ಕಿ.ಮೀ. ವೇಗಕ್ಕೆ 57 ಮೀಟರ್ ಬೇಕು. ಅದರಲ್ಲಿ 22 ಮೀಟರ್ ಬ್ರೇಕ್ ಹಿಡಿಯುವ ಮೊದಲೇ ಮುಗಿದಿರುತ್ತದೆ. ನಮ್ಮ ಜೂನ್–ಜುಲೈ ಮಳೆಯಲ್ಲಿ ಇದು 80 ಮೀಟರ್ ದಾಟುವುದು ಸಹಜ. ಎಷ್ಟು ಜಾಗರೂಕ ಚಾಲಕನಾದರೂ ಈ ದೂರವನ್ನು ಕುಗ್ಗಿಸಲಾರ. ಸ್ವೀಡನ್ 1997ರಲ್ಲಿ ಒಪ್ಪಿಕೊಂಡ ‘ಶೂನ್ಯ ಸಾವು’ ನೀತಿಯ ತಿರುಳೂ ಇದೇ: ಮನುಷ್ಯ ತಪ್ಪುತ್ತಾನೆ, ಆ ತಪ್ಪಿಗೆ ಜೀವ ಹೋಗದಂತೆ ರಸ್ತೆ ಕಟ್ಟಬೇಕು.

ಹಾಗೆಂದರೆ ಇಲ್ಲಿ ಏನು ಮಾಡಬೇಕು? ಜನ ನಡೆದು ದಾಟುವ ಜಾಗದಲ್ಲೇ ಅಂಡರ್‌ಪಾಸ್ ಇರಬೇಕು. ಅದು ದೂರವಿದ್ದರೆ, ಇಲ್ಲವೇ ಮಳೆಗೆ ನೀರು ನಿಂತು ದೀಪವೂ ಇಲ್ಲದಿದ್ದರೆ, ಜನ ಬೇಲಿ ಹಾರುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ಸರ್ವಿಸ್ ರಸ್ತೆಯ ಬಸ್ ನಿಲ್ದಾಣ ಜೀಬ್ರಾ ಪಟ್ಟಿ ದಾಟಿದ ಮೇಲಿರಲಿ. ಆಗ ಇಳಿದವರು ಬಸ್ಸಿನ ಹಿಂದಿನಿಂದ ದಾಟುತ್ತಾರೆ, ಹಿಂದೆ ಬರುವ ವಾಹನದವನಿಗೆ ಅವರು ಕಾಣುತ್ತಾರೆ. ಬಸ್ಸಿನ ಮುಂದಿನಿಂದ ಇಣುಕಿ ಓಡುವ ಮಗು ಮಾತ್ರ ಯಾರಿಗೂ ಕಾಣದು.

ಹಂಪ್ ಹೆದ್ದಾರಿಗಲ್ಲ, ಒಳರಸ್ತೆಗೆ. ರಸ್ತೆ ನಿರ್ಮಾಣದ ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಅಳತೆ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಗಂಟೆಗೆ 25 ಕಿ.ಮೀ.ಯಲ್ಲಿ ಸಲೀಸಾಗಿ ದಾಟಬಹುದು. ಬಣ್ಣವಿಲ್ಲದ, ಕಿರಿದಾದ, ದಿಢೀರನೆ ಎದ್ದ ದಿಬ್ಬ ರಾತ್ರಿ ಬೈಕ್ ಸವಾರನನ್ನು ಕೆಡವುತ್ತದೆ.

ಕೇಂದ್ರ ಸಾರಿಗೆ ಸಚಿವಾಲಯದ ಪ್ರಕಾರ, 500 ಮೀಟರಿನೊಳಗೆ ಮೂರು ವರ್ಷದಲ್ಲಿ ಸಾವು ಅಥವಾ ತೀವ್ರ ಗಾಯದ ಐದು ಅಪಘಾತ, ಇಲ್ಲವೇ ಹತ್ತು ಸಾವು ಆದರೆ ಅದು ‘ಬ್ಲ್ಯಾಕ್ ಸ್ಪಾಟ್’. ಹೆಣ ಎಣಿಸುವವರೆಗೆ ಕಾಯುವುದು ನನಗೆ ಒಪ್ಪಿಗೆಯಿಲ್ಲ. ರಸ್ತೆ ತೆರೆಯುವ ಮೊದಲೇ, ಮಳೆಯಲ್ಲೊಮ್ಮೆ, ರಾತ್ರಿಯಲ್ಲೊಮ್ಮೆ ಸುರಕ್ಷತಾ ತಪಾಸಣೆ ಆಗಲೇಬೇಕು. ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಲೋಪದಿಂದ ಸಾವು ಸಂಭವಿಸಿದರೆ ಹೊಣೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು 2019ರ ಮೋಟಾರು ವಾಹನ ತಿದ್ದುಪಡಿಯ 198ಎ ಸೆಕ್ಷನ್ ಇದೆ.

ಗಡಿಯ ಮಾತು ಇನ್ನೊಂದಿದೆ. ಇಲ್ಲಿ ಪೆಟ್ಟಾದವರನ್ನು ಹೆಚ್ಚಾಗಿ ಮಂಗಳೂರಿಗೇ ಒಯ್ಯುತ್ತಾರೆ. 30 ದಿನದೊಳಗೆ ತೀರಿಕೊಂಡರೆ ಅದು ರಸ್ತೆ ಸಾವೆಂದೇ ಲೆಕ್ಕ. ಆಸ್ಪತ್ರೆಯ ಮಾಹಿತಿ ಗಡಿಯೀಚೆಯ ಠಾಣೆಗೆ ಮರಳಿ ಸೇರದಿದ್ದರೆ ‘ಗಾಯ’ ಎಂದು ಬರೆದದ್ದು ಗಾಯವಾಗಿಯೇ ಉಳಿದು, ಆ ತಿರುವಿಗೆ ರಿಪೇರಿಯ ಸರದಿ ಬರುವುದು ತಡವಾಗಬಹುದು. ಕಾಸರಗೋಡು, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳ ರಸ್ತೆ ಸುರಕ್ಷತಾ ಸಮಿತಿಗಳು ತಿಂಗಳಿಗೊಮ್ಮೆ ಗಾಯ–ಸಾವಿನ ಪಟ್ಟಿಯನ್ನು ತಾಳೆ ನೋಡಲು ಹೊಸ ಕಾಯಿದೆಯೇನೂ ಬೇಡ.